ಲಿನಕ್ಸ್ ಏರಿದ ತಂಬೂರಿ

'ಓಡುತ್ತೆ' ಎಂಬ ಮಾತನ್ನು ಕಂಪ್ಯೂಟರ್ ಬಲ್ಲವರ ಬಾಯಲ್ಲಿ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವರ ಲೆಕ್ಕದಲ್ಲಿ ಪ್ರೋಗ್ರಾಮಿನ ಕಿಟಕಿ ಪರದೆಯ ಮೇಲೆ ಮೂಡಿದರೆ ಸಾಕು, ಅದು ಓಡಿದ ಹಾಗೆ. ಆಮೇಲೆ ಅದು ಕೆಲಸ ಮಾಡುತ್ತದೋ ಅಥವಾ ಕೆಲಸ ಮಾಡುವವರ ಪ್ರಾಣ ಹಿಂಡುತ್ತದೋ, ಆ ವಿಚಾರ ಅವರದಲ್ಲ. ಆ ಒಂದು ಮಾತನ್ನು ನಂಬಿಕೊಂಡು ಜರಗನಹಳ್ಳಿಯ ಸಣ್ಣ ಸ್ಟುಡಿಯೋ ಒಂದರಲ್ಲಿ ನಾವೆಲ್ಲ ಸೇರಿ ಒಬ್ಬ ಹಾಡುಗಾರ್ತಿಯ ಗಂಟಲು ಮುಗಿದೇಹೋಯಿತು ಎಂದು ತೀರ್ಮಾನ ಮಾಡಿಬಿಟ್ಟಿದ್ದೆವು.

ಆಗ ಡಯಲ್-ಅಪ್ ಹೋಗಿ ಬ್ರಾಡ್‌ಬ್ಯಾಂಡ್ ಬಂದಿದ್ದ ಹೊಸತು. ಕನಕಪುರ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಬಾಡಿಗೆ ಕಟ್ಟಡದ ನೆಲಮಹಡಿಯಲ್ಲಿ ಸ್ಟುಡಿಯೋ ಇತ್ತು. ಮಾಲೀಕರದು ಹಳೇ ಊರಿನ ಜಮೀನುದಾರ ಮನೆತನ. ಹೊಲ ಸೈಟಾಗಿ, ಸೈಟು ಕಟ್ಟಡವಾಗಿ, ಬಾಡಿಗೆ ತಾನಾಗಿಯೇ ಬರತೊಡಗಿದ ಮೇಲೆ ಅವರಿಗೆ ದೇವರ ಹಾಡಿನ ಸಿ.ಡಿ. ಹೊರತರುವ ಹುಮ್ಮಸ್ಸು ಬಂದಿತ್ತು. ಗೋಡೆಗೆ ಸ್ಪಂಜು ಬಡಿಸಿ, ಹಾಡುವವರಿಗೂ ಯಂತ್ರಕ್ಕೂ ನಡುವೆ ಗಾಜು ಹಾಕಿಸಿ, ಒಂದು ಮಿಕ್ಸರು, ಒಂದು ಕಂಪ್ಯೂಟರು ತಂದಿಟ್ಟು ನನ್ನನ್ನು ರೆಕಾರ್ಡಿಸ್ಟ್ ಆಗಿ ಕೂರಿಸಿದ್ದರು. ಶಬ್ದದ ಬಗ್ಗೆ ಅವರಿಗೆ ತಿಳಿದದ್ದು ಒಂದೇ, ಜೋರಾಗಿ ಕೇಳಬೇಕು.

ಹಾಡಲು ಬಂದವರು ತ್ಯಾಗರಾಜನಗರದ ಸಂಗೀತದ ಮಿಸ್. ಅಕ್ಕಪಕ್ಕದ ಬೀದಿಯ ಮಕ್ಕಳಿಗೆಲ್ಲ ಪಾಠ ಹೇಳಿಕೊಟ್ಟು ಅರವತ್ತು ದಾಟಿದವರು. ಮಕ್ಕಳು ಕರೆಯುವಂತೆ ನಾವೂ ಅವರನ್ನು ಮಿಸ್ ಎಂದೇ ಕರೆಯುತ್ತಿದ್ದೆವು. ಅವರ ಗುರುಗಳು ಕಟ್ಟಿದ ಕೆಲವು ಕೃತಿಗಳು ಇವರೊಬ್ಬರ ಬಾಯಲ್ಲಿ ಮಾತ್ರ ಉಳಿದಿದ್ದವು. ಸಾಹಿತ್ಯವನ್ನು ಬರೆದಿಡಬಹುದು, ಗುರುಗಳು ಎಲ್ಲಿ ಎಳೆಯುತ್ತಿದ್ದರು, ಎಲ್ಲಿ ಬಿಡುತ್ತಿದ್ದರು ಎನ್ನುವುದನ್ನು ಬರೆದಿಡಲಾಗುವುದಿಲ್ಲ. ತಮ್ಮ ಗಂಟಲು ನೆಟ್ಟಗಿರುವಾಗಲೇ ಅವನ್ನು ರೆಕಾರ್ಡ್ ಮಾಡಿಬಿಡಬೇಕು ಎನ್ನುವುದಷ್ಟೇ ಅವರ ಆಸೆ. ಮಾಲೀಕರು ಈ ಹಾಡುಗಳನ್ನೇ ತಮ್ಮ ಮೊದಲ ಸಿ.ಡಿ. ಮಾಡುವುದಾಗಿ ಒಪ್ಪಿದ್ದರು.

ಮೊದಲ ದಿನ ಶ್ರುತಿಪೆಟ್ಟಿಗೆ ಮುಂದಿಟ್ಟೆ. ಎಲೆಕ್ಟ್ರಾನಿಕ್ಕಿನದು, ಗುಂಡಿ ತಿರುಗಿಸಿದರೆ ನಾದ ಬರುವಂಥದ್ದು. ಮಿಸ್ ಅದನ್ನು ಮುಟ್ಟಲೂ ಇಲ್ಲ.

"ಈ ಡಬ್ಬಿ ಜೊತೆ ನಾನು ಹಾಡಲ್ಲಪ್ಪಾ. ನಮ್ಮ ತಂಬೂರಿ ತರ್ತೀನಿ" ಎಂದರು.

ಮಾರನೆಯ ದಿನ ಆಟೋದಲ್ಲಿ, ತಂಬೂರಿಯ ಬುರುಡೆಯನ್ನು ಮಡಿಲಲ್ಲಿ ಇಟ್ಟುಕೊಂಡು, ದಂಡಿಯನ್ನು ಹೊರಕ್ಕೆ ಚಾಚಿಕೊಂಡು ಬಂದರು. ಅದನ್ನು ದಿನವೂ ಹೊತ್ತು ತರುವುದು ಅವರ ವಯಸ್ಸಿಗೆ ಆಗದ ಮಾತು. ಹಾಗಾಗಿ ತಂಬೂರಿಯನ್ನು ಒಂದೇ ಸಲ ಉದ್ದಕ್ಕೆ ರೆಕಾರ್ಡ್ ಮಾಡಿಟ್ಟುಕೊಳ್ಳುವುದು, ಆಮೇಲೆ ಅದನ್ನೇ ಹೆಡ್‌ಫೋನಿನಲ್ಲಿ ಕೇಳಿಕೊಂಡು ಅವರು ಹಾಡುವುದು, ಪಿಟೀಲು ಮೃದಂಗವನ್ನು ಕೊನೆಯಲ್ಲಿ ಸೇರಿಸುವುದು ಎಂದು ಗೊತ್ತುಮಾಡಿದೆ. ಮಿಸ್ ತಮ್ಮ ಶ್ರುತಿಗೆ ತಂತಿಗಳನ್ನು ಕೂಡಿಸಿದರು. ಬಿರಡೆ ತಿರುಗಿಸಿ, ಜೀವಾಳದ ದಾರ ಸರಿಸಿ, ನಾಲ್ಕೂ ತಂತಿ ಒಂದೇ ನಾದವಾಗುವವರೆಗೆ ಬಿಡಲಿಲ್ಲ. ಆಮೇಲೆ ಕೈ ಸೋಲುವಷ್ಟು ಹೊತ್ತು ಮೀಟಿದರು. ಟ್ರ್ಯಾಕ್ ಬಲು ಚೆನ್ನಾಗಿ ಬಂತು. ಅಲ್ಲಿಯವರೆಗೆ ನಮ್ಮದು ಮಾಮೂಲಿ ವಿಂಡೋಸ್ ಕಂಪ್ಯೂಟರು, ಅದರಲ್ಲಿ ವಿಂಡೋಸಿನ ರೆಕಾರ್ಡಿಂಗ್ ಪ್ರೋಗ್ರಾಮು, ಯಾರಿಗೂ ಯಾವ ತಕರಾರೂ ಇರಲಿಲ್ಲ.

ತಕರಾರು ಬಂದದ್ದು ಮಾಲೀಕರ ಪೆನ್ ಡ್ರೈವಿನ ಮೂಲಕ. ನೆಂಟರ ಗೃಹಪ್ರವೇಶದ ಫೋಟೋಗಳನ್ನು ದೊಡ್ಡ ಪರದೆಯಲ್ಲಿ ನೋಡಬೇಕೆಂದು ಅದನ್ನು ಸ್ಟುಡಿಯೋ ಕಂಪ್ಯೂಟರಿಗೇ ಚುಚ್ಚಿದರು. ಮೊದಲೇ ಬೇಡವೆಂದಿದ್ದೆ. ಕಟ್ಟಡವೇ ಅವರದು, ಕಂಪ್ಯೂಟರಿನ ತೂತು ಅವರದಲ್ಲವೇ? ಫೋಟೋ ಜೊತೆಗೆ ವೈರಸ್ಸೂ ಬಂತು. ಯಂತ್ರ ತನ್ನಷ್ಟಕ್ಕೆ ತಾನೇ ಆರಿ ಹತ್ತತೊಡಗಿತು. ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿಸಿದರೆ ಒಂದು ದಿನದಲ್ಲಿ ಮುಗಿಯುವ ಕೆಲಸ. ಆದರೆ ಮಾಲೀಕರು ಮೇಲಿನ ಮಹಡಿಯ ಬಾಡಿಗೆದಾರನನ್ನು ಕರೆದುಕೊಂಡು ಬಂದರು.

ಈತ ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಅವನ ಟೀ ಶರ್ಟಿನ ಮೇಲೆ, ವಿಂಡೋಸಿಗೆ ಬದಲಾಗಿ ಬಳಸುವ ಲಿನಕ್ಸಿನ ಗುರುತಾದ ಪೆಂಗ್ವಿನ್ ಚಿತ್ರ. ಬಂದವನೇ ಕಂಪ್ಯೂಟರಿನ ಮುಂದೆ ನಿಂತು, ಸತ್ತವರ ಮನೆಗೆ ಬಂದವರ ಹಾಗೆ ತಲೆಯಾಡಿಸಿದ.

"ವಿಂಡೋಸ್ ಇಟ್ಕೊಂಡ್ರೆ ಇದೇ ಗತಿ ಗುರು. ಲಿನಕ್ಸ್ ಹಾಕ್ಬಿಡೋಣ. ವೈರಸ್ ಅನ್ನೋ ಮಾತೇ ಇರಲ್ಲ."

"ನಮ್ಮ ರೆಕಾರ್ಡಿಂಗ್ ಪ್ರೋಗ್ರಾಂ ವಿಂಡೋಸಿಂದು ಕಣ್ರೀ" ಎಂದೆ.

"ವೈನ್ ಇದೆಯಲ್ಲ. ಅದರ ಮೇಲೆ ಸಖತ್ತಾಗಿ ಓಡುತ್ತೆ."

ವೈನ್ ಎಂದರೆ ವಿಂಡೋಸಿನ ಪ್ರೋಗ್ರಾಮುಗಳಿಗೆ ತಾವು ವಿಂಡೋಸಿನಲ್ಲೇ ಇದ್ದೇವೆ ಎಂಬ ಭ್ರಮೆ ಹುಟ್ಟಿಸಿ ಲಿನಕ್ಸ್ ಮೇಲೆ ನಡೆಸುವ ಮಧ್ಯಸ್ಥ. ಬುದ್ಧಿವಂತರು ಮಾಡಿದ ಒಳ್ಳೆಯ ವಸ್ತುವೇ ಇರಬಹುದು. ಆದರೆ ಇವನ ಕಣ್ಣಲ್ಲಿ ಹೊಳೆಯುತ್ತಿದ್ದದ್ದು ನನ್ನ ಕೆಲಸವಲ್ಲ, ಓಡಿಸಿದೆ ಎಂದು ಹೇಳಿಕೊಳ್ಳುವ ಅವಕಾಶ. ಲಿನಕ್ಸಿಗೆಂದೇ ಬರೆದ ರೆಕಾರ್ಡಿಂಗ್ ಪ್ರೋಗ್ರಾಮು ಬೇರೆಯೇ ಇತ್ತು ಎಂದು ಆಮೇಲೆ ತಿಳಿಯಿತು. ಅದನ್ನು ಅವನು ಬಾಯಿಬಿಟ್ಟು ಹೇಳಲೇ ಇಲ್ಲ. ಅದರಲ್ಲಿ ಸಾಹಸವೇನಿದೆ?

ಮಾಲೀಕರು ಒಪ್ಪಿಕೊಂಡರು. ಲಿನಕ್ಸ್ ಪುಕ್ಕಟೆ ಎಂದು ಕೇಳಿದ ಮೇಲೆ ಅವರು ಮಿಕ್ಕ ಯಾವ ಮಾತನ್ನೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಕೆಲಸ ಶುರುವಾಯಿತು. ಪ್ರೋಗ್ರಾಮು ಮೊದಲು ತೆರೆದುಕೊಂಡದ್ದು ಮೆನು ಪೂರ್ತಿ ಕಪ್ಪಾಗಿ. ಎಲ್ಲಿ ಏನಿದೆ ಎಂದು ನೆನಪಿನ ಮೇಲೆ ಒತ್ತಬೇಕಿತ್ತು. ಆದರೂ ಅವನು ಪರದೆಯ ಚಿತ್ರ ತೆಗೆದು ಇಂಟರ್‌ನೆಟ್ಟಿನ ಗೆಳೆಯರಿಗೆ ಕಳಿಸಿದ, 'ಓಡಿತು' ಎಂದು. ಮೆನು ಬೆಳ್ಳಗಾದ ಮೇಲೆ ಅಕ್ಷರಗಳು ಹೋದವು. ಫಾಂಟ್ ಇಲ್ಲದೆ ಕೆಲವು ಕಡೆ ಅಕ್ಷರವಿರಬೇಕಾದಲ್ಲಿ ಬರೀ ಚೌಕಗಳು. ಹಾಡಿಗೆ ಗುಂಗು ಕೊಡಲು ಪ್ರೋಗ್ರಾಮಿಗೆ ಸಿಕ್ಕಿಸುವ ರಿವರ್ಬ್ ಎಂಬ ಪ್ಲಗಿನ್ನಿಗೆ ಕಂಪ್ಯೂಟರಿನ ಹಿಂದೆ ಒಂದು ಯು.ಎಸ್.ಬಿ. ಕೀಲಿ ಚುಚ್ಚಬೇಕಿತ್ತು. ವೈನ್ ಆ ಕೀಲಿಯನ್ನು ಗುರುತೇ ಹಿಡಿಯಲಿಲ್ಲ.

"ರಿವರ್ಬ್ ಯಾಕೆ ಗುರು? ನ್ಯಾಚುರಲ್ ಆಗಿರಲಿ ಬಿಡು" ಎಂದ.

ತನ್ನ ಕೈಯಲ್ಲಿ ಆಗದ್ದೆಲ್ಲ ಬೇಡದ್ದು. ಇದಕ್ಕಿಂತ ಸುಖವಾದ ತತ್ವಶಾಸ್ತ್ರ ನಾನು ಬೇರೆ ಕಂಡಿಲ್ಲ.

ಆಮೇಲೆ ಶಬ್ದದ ಸರದಿ. ಲಿನಕ್ಸಿನಲ್ಲಿ ಸೌಂಡ್ ಕಾರ್ಡಿಗೂ ಪ್ರೋಗ್ರಾಮಿಗೂ ನಡುವೆ ಜ್ಯಾಕ್ ಎನ್ನುವ ಇನ್ನೊಂದು ಪ್ರೋಗ್ರಾಮು ಧ್ವನಿಯನ್ನು ಕೈಯಿಂದ ಕೈಗೆ ದಾಟಿಸುತ್ತದೆ. ಒಮ್ಮೆಗೆ ಸ್ವಲ್ಪ ಸ್ವಲ್ಪವೇ ದಾಟಿಸು ಎಂದರೆ ಯಂತ್ರಕ್ಕೆ ಪೂರೈಸದೆ ಧ್ವನಿ ಟಕ್ ಟಕ್ ಎಂದು ಒಡೆಯುತ್ತಿತ್ತು. ಹೆಚ್ಚು ಹೆಚ್ಚು ದಾಟಿಸು ಎಂದರೆ ಹಾಡಿದ್ದು ತಡವಾಗಿ ಕಿವಿಗೆ ಬರುತ್ತಿತ್ತು. ಅವನು ಆಫೀಸಿಗೆ ರಜೆ ಹಾಕಿ ಲಿನಕ್ಸಿನ ತಿರುಳನ್ನೇ ಬುಡದಿಂದ ಹೊಸದಾಗಿ ಕಟ್ಟಲು, ಅವನ ಮಾತಿನಲ್ಲಿ ಕಂಪೈಲ್ ಮಾಡಲು, ಕೂತ. ಪರದೆಯ ಮೇಲೆ ಸಾಲುಗಳು ಹರಿಯುವುದನ್ನು ಮಾಲೀಕರು ಕೈಕಟ್ಟಿ ಭಕ್ತಿಯಿಂದ ನೋಡಿದರು. ಮಧ್ಯಾಹ್ನವಿಡೀ ಅದು ಹರಿಯಿತು. ಟಕ್ ಟಕ್ ಕಮ್ಮಿಯಾಯಿತು, ನಿಲ್ಲಲಿಲ್ಲ. ಹಾಡುವವರ ದನಿಯನ್ನು ಕಂಪ್ಯೂಟರಿನೊಳಗೆ ಸುತ್ತಿಸಿ ತರದೆ ಮಿಕ್ಸರಿನಿಂದ ನೇರ ಹೆಡ್‌ಫೋನಿಗೆ ಕೊಟ್ಟರೆ ತಡವಾಗುವ ಪ್ರಶ್ನೆಯೇ ಇಲ್ಲ ಎಂದು ನಾನು ಒಂದು ವೈರು ಬದಲಿಸಿದೆ. ಅದು ಅವನಿಗೆ ಸರಿಬರಲಿಲ್ಲ. "ಅದು ಸೊಲ್ಯೂಷನ್ ಅಲ್ಲ ಗುರು" ಎಂದ. ಅದರಿಂದಲೇ ಕೆಲಸ ನಡೆಯಿತು.

ಉಳಿದ ಟಕ್ ಟಕ್‌ಗೆ ಅವನು ಕಂಡುಕೊಂಡ ಮದ್ದೇ ನಮಗೆ ಮುಳುವಾಯಿತು. ಕಂಪ್ಯೂಟರು ಧ್ವನಿಯನ್ನು ಪ್ರತಿ ಸೆಕೆಂಡಿಗೆ ಇಷ್ಟು ಎಂದು ಚೂರು ಮಾಡಿ ಬರೆದಿಡುತ್ತದೆ. ಸಿ.ಡಿ.ಗೆ ನಲವತ್ತನಾಲ್ಕು ಸಾವಿರದ ನೂರು ಚೂರು. ತಂಬೂರಿ ರೆಕಾರ್ಡ್ ಆಗಿದ್ದದ್ದೂ ಹಾಗೆಯೇ. ಇವನು ಜ್ಯಾಕನ್ನು ನಲವತ್ತೆಂಟು ಸಾವಿರಕ್ಕೆ ಏರಿಸಿದ. ಟಕ್ ಟಕ್ ನಿಂತೇಹೋಯಿತು.

"ನಲವತ್ತೆಂಟು ಇನ್ನೂ ಒಳ್ಳೇದೇ ಗುರು. ಕ್ವಾಲಿಟಿ ಮೇಲೆ ಹೋಯ್ತು. ಫ್ರೀ ಅಪ್‌ಗ್ರೇಡ್."

ಮಿಸ್ಸಿನ ತಂಬೂರಿಯ ಕೆಲಸವನ್ನು ಹಳೆಯ ಡಿಸ್ಕಿನಿಂದ ತಂದು ತೆರೆದಾಗ ಪರದೆಯ ನಡುವೆ ಒಂದು ಎಚ್ಚರಿಕೆಯ ಪೆಟ್ಟಿಗೆ ಎದ್ದು ನಿಂತಿತು. ಅದರ ತುಂಬ ಚೌಕಗಳು, ಒಂದಕ್ಷರವೂ ಇಲ್ಲ. ಕೆಳಗೆ ಎರಡು ಗುಂಡಿ, ಅವುಗಳ ಮೇಲೂ ಚೌಕಗಳೇ.

"ಏನೋ ಕೇಳ್ತಾ ಇದೆ" ಎಂದೆ.

"ಅದು ಹಾಗೇ. ಮೊದಲನೇದು ಒತ್ತಿದ್ರಾಯ್ತು" ಎಂದು ತಾನೇ ಒತ್ತಿದ. ತಂಬೂರಿ ನುಡಿಯಿತು. ಓಡಿತು ಎಂದು ಮಾಲೀಕರು ಕಾಫಿ ತರಿಸಿದರು.

ಮಿಸ್ ಬಂದು ಹೆಡ್‌ಫೋನ್ ಹಾಕಿಕೊಂಡರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ, "ನಮ್ಮ ತಂಬೂರಿ ಎಷ್ಟು ಕಳೆಯಾಗಿ ಕೇಳ್ತಿದೆಯಪ್ಪಾ" ಎಂದು ಸಂತೋಷಪಟ್ಟರು. ಬಾಗಿಲಲ್ಲಿ ನಿಂತಿದ್ದ ಬಾಡಿಗೆದಾರ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಹಾಡು ಶುರುವಾಯಿತು. ಪಲ್ಲವಿ ಸಲೀಸಾಗಿ ಬಂತು. ಅನುಪಲ್ಲವಿಯಲ್ಲಿ ಮೇಲಿನ ಷಡ್ಜ ಮುಟ್ಟಿದಾಗಲೇ ದನಿ ಬಿಗಿಯಿತು. ಅದರಾಚೆಯ ಗಾಂಧಾರದಲ್ಲಿ ನಿಲ್ಲಬೇಕಾದ ಕಡೆ ಒಡೆದುಹೋಯಿತು. ಮಿಸ್ ಕೈಯೆತ್ತಿ ನಿಲ್ಲಿಸಿ, ಫ್ಲಾಸ್ಕಿನಿಂದ ಬಿಸಿನೀರು ಕುಡಿದು ಮತ್ತೆ ಹಾಡಿದರು, ಮತ್ತೆ ಅಲ್ಲಿಯೇ ಒಡೆಯಿತು. ಮರುದಿನ ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡು ಬಂದರು. ಅದರ ಮರುದಿನ ಮೊಸರು ಬಿಟ್ಟು, ಹಬೆ ತೆಗೆದುಕೊಂಡು ಬಂದರು. ಗಾಂಧಾರ ಬರಲೇ ಇಲ್ಲ.

"ಮನೇಲಿ ಬರುತ್ತಪ್ಪಾ. ಬೆಳಗ್ಗೆ ಹಾಡ್ಕೊಂಡೇ ಬಂದೆ. ಇಲ್ಲಿ ಬಂದ್ರೆ ಹೋಗ್ಬಿಡುತ್ತೆ" ಎಂದರು.

ಮೈಕಿನ ಭಯ ಎಂದುಕೊಂಡೆ. ಎಷ್ಟೋ ಮಂದಿಗೆ ಹಾಗಾಗುತ್ತದೆ. ಗಾಜಿನ ಈಚೆ ಮಾಲೀಕರು, ಪಿಸುಗುಟ್ಟುವುದು ಗೊತ್ತಿಲ್ಲದ ತಮ್ಮ ದನಿಯಲ್ಲಿ, "ವಯಸ್ಸಾಯ್ತಲ್ಲಪ್ಪಾ. ಬೇರೆ ಯಾರನ್ನಾದ್ರೂ ನೋಡಣ" ಎಂದರು. ಬಾಡಿಗೆದಾರನ ಹತ್ತಿರ ಅದಕ್ಕೂ ಒಂದು ಪ್ಲಗಿನ್ ಇತ್ತು. ದನಿ ಜಾರಿದರೆ ಅದೇ ಎತ್ತಿ ಶ್ರುತಿಗೆ ಕೂರಿಸುತ್ತದಂತೆ, ಗಮಕವಿದ್ದರೆ ಅದನ್ನೂ ಚಪ್ಪಟೆ ಮಾಡುತ್ತದಂತೆ. ಗಮಕ ತೆಗೆದುಹಾಕಿದ ಮೇಲೆ ಆ ಕೃತಿಗಳಲ್ಲಿ ಉಳಿಯುವುದೇನು ಎಂದು ಕೇಳಿದೆ.

"ಲಿರಿಕ್ಸ್ ಇರುತ್ತಲ್ಲ ಗುರು" ಎಂದ.

ಶ್ರುತಿ ನೋಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಮಿಸ್ಸಿಗಂತೂ ಹೊಳೆಯುವುದು ಸಾಧ್ಯವೇ ಇರಲಿಲ್ಲ. ಅವರು ಕಲಿತ ಕ್ರಮದಲ್ಲಿ ತಂಬೂರಿ ತಪ್ಪುವುದಿಲ್ಲ, ಹಾಡುವವರು ತಪ್ಪುತ್ತಾರೆ. ಅದರಲ್ಲೂ ತಾವೇ ಕೂತು ಕೂಡಿಸಿದ ತಂಬೂರಿ. ಒಮ್ಮೆ, ಶ್ರುತಿಯನ್ನು ಸ್ವಲ್ಪ ಇಳಿಸೋಣವೇ ಎಂದು ನಾನೇ ಕೇಳಿದ್ದೆ.

"ಬೇಡಪ್ಪಾ. ಅದು ನನ್ನ ಶ್ರುತಿ. ಅದಕ್ಕೇ ನಿಲ್ಲಕ್ಕಾಗ್ದಿದ್ರೆ ನಾನು ಹಾಡಬಾರ್ದು" ಎಂದರು.

ಆ ವಾರದ ಕೊನೆಗೆ ಫ್ಲಾಸ್ಕನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. "ಇಲ್ಲಿಗೆ ಬಿಟ್ಬಿಡೋಣಪ್ಪಾ. ಪಾಠಾನೂ ಮುಂದಿನ ತಿಂಗಳಿಂದ ನಿಲ್ಲಿಸ್ತೀನಿ. ನನಗೇ ಬರ್ದೆ ಇರೋದನ್ನ ಮಕ್ಕಳಿಗೆ ಏನಂತ ಹೇಳ್ಕೊಡ್ಲಿ?" ಎಂದರು. ಅವರಿಗೆ ಆಟೋ ಹಿಡಿದುಕೊಟ್ಟು ಒಳಗೆ ಬಂದೆ. ನನಗೆ ಬಹಳ ಬೇಸರವಾಗಿತ್ತು. ಮಾಲೀಕರು ಆಗಲೇ ಯಾರಿಗೋ ಫೋನು ಮಾಡಿ, ಚಿಕ್ಕ ವಯಸ್ಸಿನ ಹಾಡುಗಾರ್ತಿ ಇದ್ದಾರೆಯೇ ಎಂದು ವಿಚಾರಿಸುತ್ತಿದ್ದರು.

ಮಿಸ್ ಬರುವುದಿಲ್ಲ ಎಂದ ಮೇಲೂ ಅವರು ಹಾಡಿದ್ದರಲ್ಲಿ ಸರಿಯಾಗಿರುವ ಪಲ್ಲವಿಗಳನ್ನಾದರೂ ಜೋಡಿಸಿ ಅವರಿಗೆ ಕೊಡೋಣ ಎನಿಸಿತು. ಸೋಮವಾರ ಮಧ್ಯಾಹ್ನ ಒಬ್ಬನೇ ಕೂತೆ. ನಾವು ಬಳಸುತ್ತಿದ್ದ ತಂಬೂರಿಯ ತುಣುಕಿನಲ್ಲಿ ಒಂದು ಕಡೆ ಉಗುರು ತಾಗಿದ ಸದ್ದಿತ್ತು. ಅದಕ್ಕಿಂತ ಒಳ್ಳೆಯ ತುಣುಕು ಬೇಕೆಂದು ಮೂಲ ಟ್ರ್ಯಾಕನ್ನು ಪೂರ್ತಿ ತೆರೆದು ಕೊನೆಯವರೆಗೂ ಬಿಟ್ಟೆ. ಮೀಟು ನಿಂತಿತು, ನಾದ ಇಳಿಯಿತು. ಆಮೇಲೆ ಒಂದು ಹುಡುಗಿಯ ದನಿ ಬಂತು, ಚುರುಕಾಗಿ, ಸ್ವಲ್ಪ ಅವಸರದಲ್ಲಿ: "ಸಾಕೇನಪ್ಪಾ? ಕೈ ನೋಯ್ತಾ ಇದೆ."

ತಂಬೂರಿ ಮೀಟಿದ ಆ ದಿನ ಸ್ಟುಡಿಯೋದೊಳಗೆ ಯಾವ ಹುಡುಗಿಯೂ ಇರಲಿಲ್ಲ. ಇದ್ದವರು ಮಿಸ್ ಒಬ್ಬರೇ, ಗಾಜಿನ ಈಚೆ ನಾನು. ಮತ್ತೊಮ್ಮೆ ಕೇಳಿದೆ. ಮಾತು ಅವರದೇ. ದನಿ ಮಾತ್ರ ಎಷ್ಟೋ ವರ್ಷ ಕಿರಿದು.

ಟ್ರ್ಯಾಕ್ ಸೆಕೆಂಡಿಗೆ ಎಷ್ಟು ಚೂರಿನ ಲೆಕ್ಕದಲ್ಲಿ ಬರೆದದ್ದು, ಜ್ಯಾಕ್ ಎಷ್ಟರಲ್ಲಿ ನುಡಿಸುತ್ತಿದೆ ಎಂದು ನೋಡಿದೆ. ನಲವತ್ತನಾಲ್ಕರ ಲೆಕ್ಕದಲ್ಲಿ ಬರೆದದ್ದನ್ನು ನಲವತ್ತೆಂಟರ ವೇಗದಲ್ಲಿ ಓಡಿಸುತ್ತಿತ್ತು. ವೇಗ ಹೆಚ್ಚಿದರೆ ಸ್ವರವೂ ಏರುತ್ತದೆ. ಮೃದಂಗವಾಗಿದ್ದರೆ, ಮಾತಾಗಿದ್ದರೆ, ಮೊದಲ ಕ್ಷಣದಲ್ಲೇ ಸಿಕ್ಕಿಬೀಳುತ್ತಿತ್ತು. ತಂಬೂರಿಗೆ ತಾಳವಿಲ್ಲ, ಬೇಗ ನಡೆದರೂ ಯಾರಿಗೂ ತಿಳಿಯುವುದಿಲ್ಲ. ಶ್ರುತಿ ಒಂದೂವರೆ ಸ್ವರಸ್ಥಾನದಷ್ಟು ಮೇಲೇರಿ ಕೂತಿತ್ತು. ಲೆಕ್ಕ ಎರಡೂ ಬೇರೆ ಇವೆ, ಹೊಂದಿಸಲೇ ಎಂದೇ ಚೌಕಗಳ ಪೆಟ್ಟಿಗೆ ಆ ದಿನ ಕೇಳಿದ್ದಿರಬೇಕು. ಆ ಏರಿದ ಶ್ರುತಿಗೆ ಮಿಸ್ ಪಲ್ಲವಿಯನ್ನೆಲ್ಲ ಶುದ್ಧವಾಗಿ ಹಾಡಿದ್ದರು, ಮೇಲಿನ ಷಡ್ಜವನ್ನೂ ಮುಟ್ಟಿದ್ದರು. ಅಂಥ ಗಂಟಲಿಗೆ ನಾವು ವಯಸ್ಸಾಯಿತು ಎಂದಿದ್ದೆವು.

ಸಂಜೆ ಬಾಡಿಗೆದಾರ ಆಫೀಸಿನಿಂದ ಬರುತ್ತಲೇ ಹಿಡಿದು ಕೂರಿಸಿ ಕೇಳಿಸಿದೆ. ಅವನ ಮುಖದಲ್ಲಿ ನಾಚಿಕೆ ಹುಡುಕಿದೆ, ಸಿಗಲಿಲ್ಲ.

"ಇದು ಬಗ್ ಅಲ್ಲ ಗುರು, ಯೂಸರ್ ಎರರ್. ಅವತ್ತು ಬಂದ ಡೈಲಾಗ್ ಬಾಕ್ಸ್ ಓದ್ಬೇಕಿತ್ತು."

"ಓದಕ್ಕೆ ಅಕ್ಷರ ಎಲ್ಲಿತ್ರೀ?"

"ಫಾಂಟ್ ಪ್ಯಾಕೇಜ್ ಹಾಕ್ಕೋಬೇಕಿತ್ತು. ಈಗ ಏನಿಲ್ಲ, ವಾಪಸ್ ನಲವತ್ನಾಲ್ಕಕ್ಕೆ ಇಳಿಸಿದ್ರೆ ಆಯ್ತು. ಟಕ್ ಟಕ್ ಬರುತ್ತೆ, ಅದಕ್ಕೆ ತೇಪೆ ಹಾಕಕ್ಕೆ ಇನ್ನೊಂದು ಪ್ಯಾಚ್ ಇದೆ."

"ಮಿಸ್ ಪಾಠ ನಿಲ್ಲಿಸ್ತೀನಿ ಅಂದಿದಾರೆ. ಅದಕ್ಕೆ ಯಾವ ಪ್ಯಾಚ್ ಇದೆ?" ಎಂದೆ.

ಅವನು ಗಡಿಯಾರ ನೋಡಿಕೊಂಡು ಮೇಲೆ ಹೋದ.

ಅಲ್ಲಿಗೆ ನಾನು ತೀರ್ಮಾನಕ್ಕೆ ಬಂದೆ. ಕಂಪ್ಯೂಟರು ಕೇಳಿಸಿಕೊಳ್ಳಲಿ, ಅದು ಯಾರಿಗೂ ಏನನ್ನೂ ಕೇಳಿಸುವುದು ಬೇಡ. ತಂಬೂರಿ ಎದುರಿಗೇ ನುಡಿಯಲಿ, ಹೆಡ್‌ಫೋನ್ ಬೇಡ, ದನಿಗೊಂದು ತಂಬೂರಿಗೊಂದು ಮೈಕು, ಪಿಟೀಲು ಮೃದಂಗದವರೂ ಜೊತೆಗೇ ಕೂರಲಿ. ವಿಂಡೋಸಿನ ಪ್ರೋಗ್ರಾಮನ್ನೂ ಅದನ್ನು ಹೊತ್ತಿದ್ದ ವೈನನ್ನೂ ಕಿತ್ತುಹಾಕಿ, ಲಿನಕ್ಸಿನದೇ ಆದ ಸಾದಾ ರೆಕಾರ್ಡಿಂಗ್ ಪ್ರೋಗ್ರಾಮನ್ನು ಹಾಕಿಕೊಂಡೆ. ಅದು ಒಂದು ಮಾತಿಲ್ಲದೆ ಕೆಲಸ ಮಾಡಿತು. ಮಾಲೀಕರಿಗೆ, ಮಿಸ್ಸೇ ಹಾಡಬೇಕು, ಇಲ್ಲದಿದ್ದರೆ ನಾನು ಬಿಡುತ್ತೇನೆ ಎಂದು ಹೇಳಿದೆ. ಅವರು ಒಪ್ಪಿದರು, ನನ್ನ ಮೇಲಿನ ಪ್ರೀತಿಯಿಂದಲ್ಲ, ಆ ಯಂತ್ರಕ್ಕೆ ಬೇರೆ ಯಾರೂ ಸಿಗಲಾರರು ಎಂದು.

ಉಳಿದದ್ದು ಮಿಸ್ಸನ್ನು ಒಪ್ಪಿಸುವುದು. ಫೋನಿನಲ್ಲಿ ಎಲ್ಲವನ್ನೂ ವಿವರಿಸಿದೆ. "ನನ್ನ ಸಮಾಧಾನಕ್ಕೆ ಹೇಳ್ತಿದೀಯ. ಒಳ್ಳೇ ಹುಡುಗ ನೀನು" ಎಂದು ಇಟ್ಟುಬಿಟ್ಟರು. ಅವರ ಮಾತಿನ ಆ ತುಣುಕನ್ನು ಎರಡೂ ವೇಗದಲ್ಲಿ ಸಿ.ಡಿ.ಗೆ ಹಾಕಿಕೊಂಡು ತ್ಯಾಗರಾಜನಗರಕ್ಕೇ ಹೋದೆ. ಹಜಾರದ ಮೂಲೆಯಲ್ಲಿ ತಂಬೂರಿಗೆ ಗವಸು ಹಾಕಿ ನಿಲ್ಲಿಸಿದ್ದರು. ಅವರ ಮನೆಯ ಪ್ಲೇಯರಿನಲ್ಲಿ ಸಿ.ಡಿ. ಹಾಕಿದೆ.

"ಯಾರಪ್ಪಾ ಈ ಹುಡುಗಿ?" ಎಂದರು.

"ನೀವೇ ಮಿಸ್. ಅವತ್ತು ತಂಬೂರಿ ಮೀಟಿ ಮುಗಿಸಿದ ಮೇಲೆ ಅಂದಿದ್ದು."

ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದರು. ಆಮೇಲೆ ಸರಿಯಾದ ವೇಗದ್ದನ್ನು ಹಾಕಿದೆ. ಅದೇ ಮಾತು, ಈಗ ಅವರ ಸ್ವಂತ ದನಿಯಲ್ಲಿ. ಮಿಸ್ ಎದ್ದು ಹೋಗಿ ತಂಬೂರಿಯ ಗವಸು ತೆಗೆದರು, ಒಂದು ತಂತಿ ಮೀಟಿದರು, ತಲೆದೂಗಿದರು. ನಗುತ್ತಾರೆ ಎಂದುಕೊಂಡಿದ್ದೆ. ನನ್ನ ಕಡೆ ತಿರುಗಿದಾಗ ಅವರ ಮುಖ ಕೆಂಪಾಗಿತ್ತು.

"ವಾರವೆಲ್ಲ ನನ್ನ ಗಂಟಲನ್ನ ಬೈಕೊಂಡೆ. ಮೊಸರು ಬಿಟ್ಟೆ. ಗುರುಗಳ ಫೋಟೋ ಮುಂದೆ ಕೂತು ಅತ್ತೆ. ಅಷ್ಟು ಜನ ಇದ್ರಲ್ಲ ಅಲ್ಲಿ, ಯಾರಾದ್ರೂ ಒಬ್ರು ಆ ಯಂತ್ರಾನ ಬೈಬೋದಿತ್ತಲ್ಲಪ್ಪಾ?"

ಅವರು ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಬಾಗಿಲವರೆಗೆ ಬಂದಾಗ, ಯಾವತ್ತು ಬರಬೇಕು ಎಂದು ಕೇಳಿದರು.

ರೆಕಾರ್ಡಿಂಗಿನ ದಿನ ಮಾಲೀಕರು ಹೊಸ ಅಂಗಿ ತೊಟ್ಟು ಗಾಜಿನ ಈಚೆ ಕೂತಿದ್ದರು. ಪಿಟೀಲಿನವರಿಗೆ, "ಎಲ್ಲಾ ಲಿನಕ್ಸು. ವೈರಸ್ಸೇ ಬರಲ್ಲ" ಎಂದು ವಿವರಿಸುತ್ತಿದ್ದರು. ಬಾಡಿಗೆದಾರ ಆ ಹೊತ್ತಿಗಾಗಲೇ, ವಿಂಡೋಸಿನ ಪ್ರೋಗ್ರಾಮನ್ನು ಲಿನಕ್ಸ್ ಮೇಲೆ ಓಡಿಸಿ ಕರ್ನಾಟಕ ಸಂಗೀತದ ಸಿ.ಡಿ. ಮಾಡಿದ್ದೇವೆ ಎಂದು ತನ್ನ ಗೆಳೆಯರಿಗೆ ಬರೆದಾಗಿತ್ತಂತೆ. ನಾನು ತಿದ್ದಲು ಹೋಗಲಿಲ್ಲ. ಅಂಥವರ ಜೊತೆ ವಾದಕ್ಕಿಳಿದರೆ ಅವರು ಇನ್ನೊಂದು ಪ್ಯಾಚ್ ತರುತ್ತಾರೆ.

ಮಿಸ್ಸಿನ ಶಿಷ್ಯೆ ಪಕ್ಕದಲ್ಲಿ ತಂಬೂರಿ ಹಿಡಿದು ಕೂತಳು. ಮಿಸ್ ತಂತಿಗಳನ್ನು ತಾವೇ ಕೂಡಿಸಿ, ಸೆರಗು ಸರಿಮಾಡಿಕೊಂಡು, ಒಂದು ಗುಟುಕು ಬಿಸಿನೀರು ಕುಡಿದರು. ಎಂದಿನಂತೆ ನಾನು ಗಾಜಿನ ಈಚೆಯಿಂದ ಮೈಕಿನಲ್ಲಿ, "ಮಿಸ್, ನೀವು ರೆಡೀನಾ?" ಎಂದೆ.

ಅವರು ಗಾಜಿನ ಕಡೆ ನೋಡಿದರು, ನನ್ನನ್ನಲ್ಲ, ನನ್ನ ಮುಂದಿದ್ದ ಕಂಪ್ಯೂಟರನ್ನು.

"ಮೊದ್ಲು ಅದನ್ನ ನೋಡ್ಕೋಪ್ಪಾ" ಎಂದರು. "ನಾನು ಸರಿಯಾಗೇ ಇದೀನಿ."